ಇರಾನಿನ ಕನಾತ್ ವಿಶ್ವ ಪರಂಪರೆಯಾದರೆ, ನಮ್ಮ ಮನೆ ಹಿಂದಿನ ಸುರಂಗ ಎಂತದು?

ಬಾಯಾರು ತೋಟದವ · ಸೋಮವಾರ ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ವಿಶ್ವ ಪರಂಪರೆ ತಾಣಗಳ ಚಾರ್ಟ್ ಮಾಡಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದಾರೆ. ತಾಜ್ ಮಹಲ್, ಹಂಪಿ, ಪಟ್ಟದಕಲ್ಲು ಅಂಟಿಸಿ ಆಯಿತು. ಹೊರದೇಶದ್ದು ಹುಡುಕುವಾಗ ಇರಾನಿನ ಕನಾತ್‌ನ ಚಿತ್ರ ಸಿಕ್ಕಿತು. ನೆಲದೊಳಗೆ ಕೊರೆದ ಕಿರಿದಾದ ದಾರಿ, ಪಾದ ಮುಳುಗುವಷ್ಟು ನೀರು, ಗೋಡೆಯಲ್ಲಿ ಕೊರೆದ ಗುರುತು. ಅವಳು ನೋಡಿದವಳೇ, 'ಅಪ್ಪಾ, ಇದು ನಮ್ಮ ಸುರಂಗ ಅಲ್ವಾ?' ಎಂದಳು.

ನನಗೆ ಉತ್ತರ ಕೊಡಲು ಆಗಲಿಲ್ಲ. ನಮ್ಮ ಮನೆ ಹಿಂದಿನ ಗುಡ್ಡದಲ್ಲಿ ಅಜ್ಜ ತೋಡಿಸಿದ ಸುರಂಗ ಉಂಟು. 40 ಕೋಲು ಎಂದು ಅಪ್ಪ ಹೇಳುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಒಳಗೆ ಒಬ್ಬರು ಹೋಗುವಷ್ಟು ಮಾತ್ರ ಜಾಗ. ಎರಡೂ ಭುಜ ಕಲ್ಲಿಗೆ ತಾಗುತ್ತದೆ. ಮುರಕಲ್ಲು (ಜಂಬಿಟ್ಟಿಗೆ) ದಾಟಿ ಮೆತ್ತಗಿನ ಜೇಡಿ ಸಿಗುವಲ್ಲಿ ನೀರು ಜಿನುಗುತ್ತದೆ. ಪಂಪು ಬೇಡ, ಕರೆಂಟು ಬೇಡ, ಹಗ್ಗ ಬೇಡ. ನೀರು ತಾನಾಗಿ ಇಳಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ. ಮೊದಲು ಸುರಂಗದ ಬಾಯಿಯಿಂದ ಟ್ಯಾಂಕಿವರೆಗೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಇತ್ತು. ಈಗ ಪೈಪು.

ನಾನು ಹುಟ್ಟಿದಂದಿನಿಂದ ಆ ನೀರು ಕುಡಿದಿದ್ದೇನೆ. ಅದರ ಉದ್ದ ಒಂದು ದಿನ ಅಳೆದು ನೋಡಿಲ್ಲ. ಕನಾತ್ 2016ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿತಂತೆ. 2025ರ ಲೆಕ್ಕಕ್ಕೆ ಜಗತ್ತಿನಲ್ಲಿ ಒಟ್ಟು 1,248 ತಾಣ, ಭಾರತದ್ದು 44. ಕಾಸರಗೋಡು ಜಿಲ್ಲೆಯದ್ದು ಒಂದೂ ಇಲ್ಲ. ಈ ಪಟ್ಟಿಗೆ ಸೇರುವುದು ಹೇಗೆ? ಸೇರಿದರೆ ಎಂತ ಪ್ರಯೋಜನ? ತಿಳಿದವರು ಹೇಳಿ.

ಬೇಕಲದ ಪಕ್ಕದವ · ಸೋಮವಾರ ರಾತ್ರಿ 9.42

ಅಣ್ಣ, ನಮ್ಮ ಜಿಲ್ಲೆಯಿಂದ ಒಂದು ಹೋಗಬೇಕಾದರೆ ಮೊದಲು ಬೇಕಲ ಕೋಟೆ ಹೋಗಬೇಕು. 40 ಎಕರೆ ಉಂಟು. ಸಮುದ್ರಕ್ಕೆ ತಾಗಿ ನಿಂತಿದೆ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿ 370 ವರ್ಷದ ಮೇಲಾಯಿತು. ಈಗಾಗಲೇ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸುರಂಗ ಒಳ್ಳೆಯದೇ. ಆದರೆ ಅದನ್ನು ನೋಡಲು ದೇಶ ವಿದೇಶದಿಂದ ಯಾರು ಬರುತ್ತಾರೆ?

ಮಧೂರು ಟೀಚರ್ · ಸೋಮವಾರ ರಾತ್ರಿ 10.25

ಮಗಳಿಗೆ ನನ್ನ ಶಾಬಾಸ್ ಹೇಳಿ. ಇಂಥ ಪ್ರಶ್ನೆ ಬಂದರೆ ಚಾರ್ಟ್ ಮಾಡಿಸಿದ್ದು ಸಾರ್ಥಕ.

ಮೊದಲು ಪಟ್ಟಿ ಹುಟ್ಟಿದ ಕತೆ ಹೇಳುತ್ತೇನೆ. ಈಜಿಪ್ಟಿನಲ್ಲಿ ಅಸ್ವಾನ್ ಅಣೆಕಟ್ಟು ಕಟ್ಟುವಾಗ ಅಬು ಸಿಂಬೆಲ್ ದೇವಾಲಯಗಳು ಮುಳುಗುವುದರಲ್ಲಿದ್ದವು. 1960ರಲ್ಲಿ ಯುನೆಸ್ಕೊ ಎಲ್ಲ ದೇಶಗಳ ಹತ್ತಿರ ಸಹಾಯ ಕೇಳಿತು. 1964ರಿಂದ 1968ರವರೆಗೆ ಆ ಬಂಡೆಯ ದೇವಾಲಯಗಳನ್ನು ತುಂಡು ತುಂಡಾಗಿ ಕೊಯ್ದು, 60 ಮೀಟರಿಗಿಂತ ಮೇಲೆ ತಂದು ಪುನಃ ಜೋಡಿಸಿದರು. ಒಂದು ದೇಶದ ಸೊತ್ತಿಗೆ ಬೇರೆ ದೇಶದವರು ದುಡ್ಡು ಕೊಟ್ಟರು, ಇಂಜಿನಿಯರ್‌ಗಳನ್ನು ಕಳಿಸಿದರು. ಇದು ಎಲ್ಲರದ್ದು ಎಂಬ ಭಾವನೆ ಅಲ್ಲಿ ಗಟ್ಟಿಯಾಯಿತು. 1972ರ ನವೆಂಬರ್ 16ಕ್ಕೆ ಪ್ಯಾರಿಸಿನಲ್ಲಿ ಒಪ್ಪಂದ ಆಯಿತು. ಭಾರತ 1977ರಲ್ಲಿ ಸೇರಿತು. ನಮ್ಮ ಮೊದಲ ನಾಲ್ಕು 1983ರವು: ಅಜಂತಾ, ಎಲ್ಲೋರಾ, ಆಗ್ರಾ ಕೋಟೆ, ತಾಜ್ ಮಹಲ್.

ಸೇರಲು ಹತ್ತು ಮಾನದಂಡ ಉಂಟು. ಆರು ಸಂಸ್ಕೃತಿಗೆ, ನಾಲ್ಕು ಪ್ರಕೃತಿಗೆ. ಒಂದಕ್ಕಾದರೂ ಹೊಂದಬೇಕು. ದೇಶದ ಸರ್ಕಾರ ಮೊದಲು ತಾತ್ಕಾಲಿಕ ಪಟ್ಟಿಗೆ ಹಾಕಬೇಕು. ಅಲ್ಲಿ ಕಡಿಮೆ ಎಂದರೆ ಒಂದು ವರ್ಷ ಇರಬೇಕು. ಆಮೇಲೆ ದಪ್ಪದ ಕಡತ, ತಜ್ಞರ ಭೇಟಿ, ಕೊನೆಗೆ 21 ದೇಶಗಳ ಸಮಿತಿ. ಈಗ ಒಂದು ದೇಶ ವರ್ಷಕ್ಕೆ ಒಂದೇ ತಾಣದ ಅರ್ಜಿ ಹಾಕಬಹುದು. ಹಾಗಾಗಿ ಸಾಲು ಉದ್ದ ಉಂಟು. ನಮ್ಮ ಪಕ್ಕದ ಉಡುಪಿಯ ಸೈಂಟ್ ಮೇರೀಸ್ ದ್ವೀಪಗಳು 2025ರಲ್ಲಿ ತಾತ್ಕಾಲಿಕ ಪಟ್ಟಿಗೆ ಬಂದವು, ಅಷ್ಟೇ.

ನೋಡಲು ಯಾರು ಬರುತ್ತಾರೆ ಎಂಬ ಮಾತು ನನಗೆ ಸರಿ ಕಾಣಲಿಲ್ಲ ತಮ್ಮಾ. ಆ ಹತ್ತರಲ್ಲಿ ಪ್ರವಾಸಿಗರ ಲೆಕ್ಕ ಎಲ್ಲೂ ಇಲ್ಲ.

ಮಸ್ಕತ್‌ನಲ್ಲಿರುವ ಕುಂಬಳೆಯವ · ಸೋಮವಾರ ರಾತ್ರಿ 11.50

ತೋಟದಣ್ಣ, ನಿಮ್ಮ ಪೋಸ್ಟ್ ಓದಿ ನಿದ್ದೆ ಬರಲಿಲ್ಲ. ನಾನು ಇಲ್ಲಿಗೆ ಬಂದು 14 ವರ್ಷ ಆಯಿತು. ಒಮಾನಿನಲ್ಲಿ ಇದಕ್ಕೆ ಫಲಜ್ ಎನ್ನುತ್ತಾರೆ. ಐದು ಫಲಜ್‌ಗಳು 2006ರಲ್ಲೇ ವಿಶ್ವ ಪರಂಪರೆ ಆಗಿವೆ. ಅಂಥವು ದೇಶದಲ್ಲಿ ಸುಮಾರು 3,000 ಈಗಲೂ ಕೆಲಸ ಮಾಡುತ್ತಿವೆ.

ಹೋದ ಈದ್ ರಜೆಯಲ್ಲಿ ನಿಜ್ವಾಕ್ಕೆ ಹೋಗಿದ್ದೆ. ಅಲ್ಲಿ ಫಲಜ್ ದಾರಿಸ್ ಎಂಬುದು ಉಂಟು. ಪಟ್ಟಿಯ ಐದರಲ್ಲಿ ಒಂದು. ನೆಲದಡಿಯಿಂದ ಬಂದ ನೀರು ಕಾಲುವೆಯಲ್ಲಿ ಖರ್ಜೂರದ ತೋಟಕ್ಕೆ ಹೋಗುತ್ತದೆ. ಬಿಸಿಲು ಎಂದರೆ ಕಣ್ಣು ಬಿಡಲು ಆಗದ ಬಿಸಿಲು. ನಾನು ಕಾಲು ಇಳಿಬಿಟ್ಟು ಕುಳಿತೆ. ಸಣ್ಣ ಮೀನು ಬಂದು ಕಾಲಿಗೆ ಮುತ್ತಿತು. ಒಬ್ಬ ಮುದುಕರು ಬಂದು ಚಿಕ್ಕ ಕವಲಿನ ಬಾಯಿಗೆ ಇಟ್ಟಿದ್ದ ಕಲ್ಲು ಮತ್ತು ಬಟ್ಟೆಯ ಮುದ್ದೆ ತೆಗೆದರು. ನೀರು ಅವರ ತೋಟಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೆ ಪುನಃ ಮುಚ್ಚಿದರು. ಅವರ ಪಾಲು ಮುಗಿಯಿತು. ಮೊದಲೆಲ್ಲ ಈ ಪಾಲನ್ನು ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು.

ನಮ್ಮ ಉಮ್ಮನ ತವರು ಪೈವಳಿಕೆ. ಅಲ್ಲಿಯೂ ಸುರಂಗ ಇತ್ತು. ಅದರ ಬಾಯಿ ಈಗ ಕಾಣುವುದಿಲ್ಲ. ಎದುರು ಮನೆ ಕಟ್ಟುವಾಗ ಮಣ್ಣು ಹಾಕಿದರು. ಆಗ ನಾವು ಯಾರೂ ಬೇಡ ಎನ್ನಲಿಲ್ಲ.

ಪೆರ್ಲದ ಇಂಜಿನಿಯರ್ · ಮಂಗಳವಾರ ಬೆಳಿಗ್ಗೆ 7.15

ಎರಡೂ ಒಂದೇ ಎಂದು ಬರೆಯಬೇಡಿ. ಮಗಳ ಚಾರ್ಟ್‌ನಲ್ಲಿಯೂ ಬೇಡ. ವ್ಯತ್ಯಾಸ ಉಂಟು.

ಕನಾತ್‌ನಲ್ಲಿ ಮೊದಲು ಬೆಟ್ಟದ ಬುಡದಲ್ಲಿ ಆಳದ ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನವರೆಗೆ ಸಣ್ಣ ಇಳಿಜಾರಿನಲ್ಲಿ ನೆಲದೊಳಗೆ ಕಾಲುವೆ. ದಾರಿ ಉದ್ದಕ್ಕೂ ಮೇಲಿನಿಂದ ಬಾವಿಯ ಹಾಗೆ ತೂತುಗಳು. ಮಣ್ಣು ಮೇಲೆತ್ತಲು, ಗಾಳಿಗೆ. ಗೊನಾಬಾದ್‌ನ ಕನಾತ್ 33 ಕಿ.ಮೀ. ಉದ್ದ ಉಂಟು. ಪಟ್ಟಿಗೆ ಸೇರಿದ 11 ಕನಾತ್‌ಗಳಲ್ಲಿ ಅದೂ ಒಂದು. ಒಂದು ಊರೇ ಅದರ ಮೇಲೆ ನಿಂತಿರುತ್ತದೆ.

ನಮ್ಮದು ಹಾಗಲ್ಲ. ಗುಡ್ಡದ ಬದಿಯಿಂದ ಸೀದಾ ಒಳಗೆ ತೋಡುವುದು. ಹೆಚ್ಚಿನವಕ್ಕೆ ಗಾಳಿಯ ತೂತೂ ಇಲ್ಲ. ಒಂದು ಮನೆಗೆ ಒಂದು, ಕೆಲವು ಮನೆಗೆ ಮೂರು ನಾಲ್ಕು. ಮುರಕಲ್ಲು ಗಟ್ಟಿ, ಆಧಾರ ಕೊಡದಿದ್ದರೂ ಬೀಳುವುದಿಲ್ಲ. ಅದಕ್ಕೇ ಇದು ಇಲ್ಲಿ ಆಯಿತು. 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬರುತ್ತದೆ, ಆದರೆ ಇಳಿಜಾರಿನಲ್ಲಿ ಓಡಿ ಹೋಗುತ್ತದೆ. ಗುಡ್ಡ ಕುಡಿದದ್ದನ್ನು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳುವ ಉಪಾಯ ಇದು.

ಅರಬರಿಂದ ಕಲಿತದ್ದು ಎಂದು ಕೆಲವರು ಹೇಳುತ್ತಾರೆ. ಹೋಲಿಕೆ ಇದ್ದ ಮಾತ್ರಕ್ಕೆ ಕಲಿತದ್ದು ಎಂದಾಗುವುದಿಲ್ಲ. ಇಳಿಜಾರು, ಮುರಕಲ್ಲು, ಬಾಯಾರಿಕೆ ಮೂರೂ ಇದ್ದ ಕಡೆ ಬುದ್ಧಿವಂತರಿಗೆ ಹೊಳೆಯಬಹುದು.

ಎಣ್ಮಕಜೆ ಅಕ್ಕ · ಮಂಗಳವಾರ ಮಧ್ಯಾಹ್ನ 1.30

ತೋಡುವವರ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಬರೆಯುತ್ತೇನೆ.

ನಾನು ಚಿಕ್ಕವಳಿದ್ದಾಗ ನಮ್ಮಲ್ಲಿ ಸುರಂಗ ತೋಡಿದ್ದು ನೆನಪುಂಟು. ಇಬ್ಬರು ಬರುತ್ತಿದ್ದರು. ಒಬ್ಬರು ಒಳಗೆ ಕುಳಿತು ಪಿಕ್ಕಾಸಿನಲ್ಲಿ ಕಡಿಯುವುದು, ಇನ್ನೊಬ್ಬರು ಮಣ್ಣು ಎಳೆದು ಹೊರಗೆ ಹಾಕುವುದು. ಮೊದಲು ಇಡೀ ಗುಡ್ಡ ನಡೆದು ಹುತ್ತ ಎಲ್ಲಿದೆ, ಬೇಸಿಗೆಯಲ್ಲೂ ಯಾವ ಗಿಡ ಹಸಿರಾಗಿದೆ ಎಂದು ನೋಡಿದರು. ಒಳಗೆ ಚಿಮಣಿ ದೀಪ. ದೀಪ ಸಣ್ಣಗಾದರೆ ಗಾಳಿ ಕಡಿಮೆ ಎಂದು ಹೊರಗೆ ಬರುತ್ತಿದ್ದರು. ದಿನಕ್ಕೆ ಒಂದು ಕೋಲು ಹೋದರೆ ದೊಡ್ಡದು. 28 ಕೋಲಿಗೆ ನೀರು ಬಂದ ದಿನ ನನ್ನ ಅಮ್ಮ ಆ ನೀರಿನಲ್ಲಿ ಪಾಯಸ ಮಾಡಿದ್ದರು. ತೋಡಿದವರಿಗೆ ಮೊದಲು ಬಡಿಸಿದರು.

ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರ ವಿಷಯ ಎಲ್ಲರಿಗೂ ಗೊತ್ತು. ಒಣ ಗುಡ್ಡದಲ್ಲಿ ಒಬ್ಬರೇ ತೋಡಿದರು. ಐದು ಸುರಂಗದಲ್ಲಿ ನೀರು ಬರಲಿಲ್ಲ, ಆರನೆಯದರಲ್ಲಿ ಬಂತು. 2022ರಲ್ಲಿ ಪದ್ಮಶ್ರೀ ಕೊಟ್ಟರು. ತುಂಬ ಸಂತೋಷ. ಆದರೆ ಅವರ ಹಾಗೆ ಕೈಯಲ್ಲಿ ಕೆಲಸ ಇದ್ದ ಎಷ್ಟು ಜನ ಸುಮ್ನೆ ಹೋಗಿಬಿಟ್ಟರು? ಎರಡು ವರ್ಷದ ಹಿಂದೆ ಮಳೆಗೆ ನಮ್ಮ ಸುರಂಗದ ಬಾಯಿ ಕುಸಿಯಿತು. ಸರಿ ಮಾಡುವವರನ್ನು ಹುಡುಕಿ ಸಾಕಾಯಿತು. ಗೊತ್ತಿದ್ದವರಿಗೆ ಬಗ್ಗಲು ಆಗುವುದಿಲ್ಲ, ಬಗ್ಗುವವರಿಗೆ ಗೊತ್ತಿಲ್ಲ. ಕೊನೆಗೆ ಬೋರ್‌ವೆಲ್ ತೆಗೆಸಿದೆವು. ತೆಗೆಸುವ ದಿನ ನಾನು ಅತ್ತಿದ್ದೇನೆ.

ಬೇಕಲದ ಪಕ್ಕದವ · ಮಂಗಳವಾರ ಸಂಜೆ 6.05

ಅಕ್ಕ, ಓದಿ ಬೇಸರ ಆಯಿತು. ನನ್ನ ಮೊದಲಿನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ.

ಆದರೂ ಕೋಟೆಯ ವಿಷಯ ಬಿಡಲು ಮನಸ್ಸಿಲ್ಲ. 2025ರಲ್ಲಿ ಮರಾಠರ 12 ಕೋಟೆ ಒಟ್ಟಿಗೆ ಪಟ್ಟಿಗೆ ಹೋದವು. 11 ಮಹಾರಾಷ್ಟ್ರದ್ದು, ಒಂದು ತಮಿಳುನಾಡಿನ ಜಿಂಜಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಒಂದೇ ತಾಣ ಎಂದು ಸೇರಿಸಿದರು. ಹಾಗೆಯೇ ಕೆಳದಿ ನಾಯಕರ ಕೋಟೆಗಳನ್ನು ಒಟ್ಟು ಮಾಡಿದರೆ? ಘಟ್ಟದ ಮೇಲೆ ನಗರ (ಬಿದನೂರು), ಕವಲೇದುರ್ಗ. ಇಲ್ಲಿ ಚಂದ್ರಗಿರಿ, ಬೇಕಲ, ಹೊಸದುರ್ಗ. ಮಲೆನಾಡಿನ ಅರಸರು ಕರಾವಳಿಯನ್ನು ಹೇಗೆ ಹಿಡಿದಿಟ್ಟುಕೊಂಡರು ಎಂದು ಒಂದೇ ಕತೆಯಾಗಿ ಹೇಳಬಹುದು. ಎರಡು ರಾಜ್ಯ ಆದರೆ ಎಂತ? 1956ರ ನವೆಂಬರ್ 1ಕ್ಕೆ ಎಳೆದ ರಾಜ್ಯಗಳ ಗಡಿಗೆರೆ ಶಿವಪ್ಪ ನಾಯಕನಿಗೆ ಗೊತ್ತಿರಲಿಲ್ಲ.

ಒಂದು ಬೇಸರ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಒಂದು ಹಳೆಯ ಜಾಗಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ವಿವರದ ಬೋರ್ಡ್‌ನಲ್ಲಿ ಕನ್ನಡ ಇರಲಿಲ್ಲ. ಅಪ್ಪನಿಗೆ ಕನ್ನಡ ಮಾತ್ರ ಓದಲು ಬರುವುದು. ಕನ್ನಡ ಅರಸರು ಕಟ್ಟಿದ ಕಲ್ಲಿನ ಮುಂದೆ ನಾನು ಅವರಿಗೆ ಓದಿ ಹೇಳಬೇಕಾಯಿತು.

ಮಡಿಕೇರಿಗೆ ಮದುವೆಯಾಗಿ ಬಂದವಳು · ಮಂಗಳವಾರ ರಾತ್ರಿ 8.40

ನನ್ನ ತವರು ಬದಿಯಡ್ಕ. ಪಟ್ಟಿ ಎಂದ ಕೂಡಲೇ ಇಲ್ಲಿ ಜನ ಹೆದರುತ್ತಾರೆ. ಅದನ್ನೂ ಹೇಳಬೇಕು.

2012ರಲ್ಲಿ ಪಶ್ಚಿಮ ಘಟ್ಟದ 39 ಜಾಗಗಳನ್ನು ಸೇರಿಸಿದರು. ಕೇರಳದ್ದು 20, ಕರ್ನಾಟಕದ್ದು 10, ತಮಿಳುನಾಡಿನದ್ದು 5, ಮಹಾರಾಷ್ಟ್ರದ್ದು 4. ಕೊಡಗಿನ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಎಲ್ಲ ಅದರಲ್ಲಿ ಉಂಟು. ಕಾಸರಗೋಡಿನದ್ದು ಅದರಲ್ಲೂ ಇಲ್ಲ. ರಾಣಿಪುರದ ಹುಲ್ಲುಗುಡ್ಡ ಹತ್ತಿ ಆಚೆ ನೋಡಿದರೆ ತಲಕಾವೇರಿ ಕಾಡು, ಅಷ್ಟು ಹತ್ತಿರ. ಆಗ ಇಲ್ಲಿ ವಿರೋಧ ಜೋರಾಗಿತ್ತು. ತೋಟ ಹೋಗುತ್ತದೆ, ಮನೆ ರಿಪೇರಿಗೂ ಬಿಡುವುದಿಲ್ಲ ಎಂದು.

ಯುನೆಸ್ಕೊಗೆ ಪೊಲೀಸ್ ಇಲ್ಲ. ಕಾನೂನು ನಮ್ಮ ದೇಶದ್ದೇ. ಆ 39 ಜಾಗಗಳು ಮೊದಲೇ ರಕ್ಷಿತ ಕಾಡುಗಳು. ಆದರೆ ಊರಿನವರನ್ನು ಕೂರಿಸಿಕೊಂಡು ಮೊದಲೇ ಮಾತಾಡಿದ್ದರೆ ಆ ಹೆದರಿಕೆ ಅಷ್ಟು ಆಗುತ್ತಿರಲಿಲ್ಲ. ಹಂಪಿಯಲ್ಲಿ 2011ರಲ್ಲಿ ಬಜಾರಿನ ಮಂಟಪಗಳಲ್ಲಿ ಬದುಕಿದ್ದ ಕುಟುಂಬಗಳನ್ನು ಎಬ್ಬಿಸಿದರು. ಕಲ್ಲು ಉಳಿಸಬೇಕು, ಒಪ್ಪುತ್ತೇನೆ. ಅಲ್ಲಿ ಚಹಾ ಕಾಯಿಸಿ ಬದುಕಿದವರು ಎಲ್ಲಿಗೆ ಹೋಗಬೇಕು?

ಮಧೂರು ಟೀಚರ್ · ಮಂಗಳವಾರ ರಾತ್ರಿ 9.55

ನೀವು ಹೇಳಿದ್ದು ಸರಿ ಮಗಾ. ಹಂಪಿಯದ್ದೇ ಇನ್ನೊಂದು ಪಾಠ. 1986ರಲ್ಲಿ ಪಟ್ಟಿ ಸೇರಿತು. ಆನೆಗೊಂದಿಯ ಹತ್ತಿರ ಸೇತುವೆ ಕಟ್ಟಲು ಹೊರಟದ್ದರಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹೋಯಿತು. 2006ರವರೆಗೂ ಅದರಲ್ಲೇ ಇತ್ತು. ಪಟ್ಟಿಯಿಂದ ಪೂರ್ತಿ ತೆಗೆದದ್ದೂ ಉಂಟು. ಜರ್ಮನಿಯ ಡ್ರೆಸ್ಡೆನ್ ಕಣಿವೆಯನ್ನು 2009ರಲ್ಲಿ ತೆಗೆದರು, ಅಲ್ಲಿಯೂ ಸೇತುವೆ. ಲಿವರ್‌ಪೂಲ್ ಬಂದರನ್ನು 2021ರಲ್ಲಿ ತೆಗೆದರು. ಎಲ್ಲಕ್ಕಿಂತ ಮೊದಲು ಹೋದದ್ದು 2007ರಲ್ಲಿ, ಒಮಾನಿನ ಓರಿಕ್ಸ್ (ಜಿಂಕೆಯಂಥ ಪ್ರಾಣಿ) ಅಭಯಾರಣ್ಯ. ಎಣ್ಣೆ ಹುಡುಕಲು ಸರ್ಕಾರವೇ ಅಭಯಾರಣ್ಯದ ಜಾಗವನ್ನು 90 ಶೇಕಡಾ ಕಡಿಮೆ ಮಾಡಿತು. ಒಂದು ಕಾಲಕ್ಕೆ 450 ಇದ್ದ ಓರಿಕ್ಸ್ 65ಕ್ಕೆ ಇಳಿದಿತ್ತು. ಫಲಜ್ ಉಳಿಸಿಕೊಂಡ ದೇಶವೇ ಅದನ್ನು ಕಳೆದುಕೊಂಡಿತು.

ನನಗೆ ಜಾಸ್ತಿ ನಾಟಿದ್ದು ಫಿಲಿಪೈನ್ಸ್‌ನ ಭತ್ತದ ಗದ್ದೆಗಳು. ಬೆಟ್ಟ ಕಡಿದು ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಗದ್ದೆ. 1995ರಲ್ಲಿ ಪಟ್ಟಿಗೆ ಬಂತು. 2001ರಲ್ಲಿ ಅಪಾಯದ ಪಟ್ಟಿಗೆ ಹೋಯಿತು. ಅಲ್ಲಿ ಸೇತುವೆ ಇಲ್ಲ, ಯುದ್ಧ ಇಲ್ಲ. ಮಕ್ಕಳು ಪೇಟೆಗೆ ಹೋದರು, ಬದು ಕಟ್ಟುವವರು ಇಲ್ಲದೆ ಗದ್ದೆ ಹಡಿಲು ಬಿತ್ತು. ಪುನಃ ಬೇಸಾಯ ಹಿಡಿದು, ನೀರಿನ ದಾರಿ ಸರಿ ಮಾಡಿದ ಮೇಲೆ 2012ರಲ್ಲಿ ಅಪಾಯದಿಂದ ಹೊರಗೆ ಬಂತು. ಎಣ್ಮಕಜೆ ಅಕ್ಕ ಹೇಳಿದ್ದೂ ಅದೇ ಅಲ್ವಾ? ಬಳಸುವವರು ಹೋದರೆ ಬೋರ್ಡ್ ಹಾಕಿ ಉಳಿಸಲು ಆಗುವ ವಸ್ತು ಅಲ್ಲ ಇದು.

ಮಸ್ಕತ್‌ನಲ್ಲಿರುವ ಕುಂಬಳೆಯವ · ಬುಧವಾರ ಬೆಳಿಗ್ಗೆ 6.20

ಟೀಚರ್, ಯಕ್ಷಗಾನಕ್ಕೂ ಇದೇ ಪಟ್ಟಿಯಾ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನಾಗಿ ಕೇಳುತ್ತಿದ್ದೇನೆ.

ಮಧೂರು ಟೀಚರ್ · ಬುಧವಾರ ಬೆಳಿಗ್ಗೆ 7.00

ಅಲ್ಲ. ಕಲೆ, ಆಚರಣೆಗಳಿಗೆ ಬೇರೆ ಒಪ್ಪಂದ, 2003ರದ್ದು. ಕೇರಳದ ಕೂಡಿಯಾಟ್ಟಂ, ಮುಡಿಯೇಟ್ಟು ಆ ಪಟ್ಟಿಯಲ್ಲಿ ಉಂಟು. ಯಕ್ಷಗಾನದ ಬಗ್ಗೆ ಬೇರೆಯೇ ಚರ್ಚೆ ಶುರು ಮಾಡಿ, ಖಂಡಿತ ಬರುತ್ತೇನೆ.

ನೀರ್ಚಾಲು ಹುಡುಗಿ · ಬುಧವಾರ ಮಧ್ಯಾಹ್ನ 2.10

ನಾನು ಸಸ್ಯಶಾಸ್ತ್ರ ಓದುತ್ತಿದ್ದೇನೆ. ಕೀನ್ಯಾದ ಕರಾವಳಿಯಲ್ಲಿ ಕಾಯಾ ಎಂಬ ಕಾಡುಗಳಿವೆ. ಮಿಜಿಕೆಂಡ ಜನರ ಹಿರಿಯರು ಒಂದು ಕಾಲದಲ್ಲಿ ಅದರೊಳಗೆ ಊರು ಕಟ್ಟಿಕೊಂಡಿದ್ದರು. ಈಗ ಅದು ಪೂರ್ವಜರ ಜಾಗ, ಯಾರೂ ಕಡಿಯುವುದಿಲ್ಲ. 2008ರಲ್ಲಿ ವಿಶ್ವ ಪರಂಪರೆ ಆಯಿತು. ಓದುವಾಗ ನಮ್ಮ ನಾಗಬನವೇ ಕಣ್ಣಿಗೆ ಬಂತು.

ನಮ್ಮ ಕುಟುಂಬದ ಬನದಲ್ಲಿ ದೊಡ್ಡ ಹೊನ್ನೆ ಮರ, ಬಳ್ಳಿ, ಕಾಸರಕದ ಮರ ಎಲ್ಲ ಇದ್ದವು. ಜೀರ್ಣೋದ್ಧಾರ ಎಂದು ಮರ ಕಡಿದು ಕಾಂಕ್ರೀಟ್ ಕಟ್ಟೆ ಮಾಡಿ ಟೈಲ್ಸ್ ಹಾಕಿದರು. ಭಕ್ತಿಯಿಂದಲೇ ಮಾಡಿದರು. ದೊಡ್ಡಪ್ಪನವರ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ಈಗ ಮಧ್ಯಾಹ್ನ ನಾಗನ ತಂಬಿಲದ ಪೂಜೆಗೆ ನಿಂತರೆ ಕಾಲು ಸುಡುತ್ತದೆ. ನಾಗನಿಗೂ ಸುಡುವುದಿಲ್ಲವಾ? ಈ ಮಳೆಗಾಲ ಬದಿಯಲ್ಲಿ ಹತ್ತು ಸಸಿ ನೆಡುತ್ತೇನೆ ಎಂದು ದೊಡ್ಡಪ್ಪನ ಹತ್ತಿರ ಕೇಳಿದೆ. ಒಪ್ಪಿದ್ದಾರೆ. ಕಾಸರಕ ಖಂಡಿತ ನೆಡುತ್ತೇನೆ. ಈಗ ಅದು ನಮ್ಮ ಜಿಲ್ಲೆಯ ಅಧಿಕೃತ ಮರ. ಬನದ ಮೇಲಿನ ಗುಡ್ಡದಲ್ಲಿ ಸುರಂಗವೂ ಉಂಟು. ಮರ ಹೋದ ಮೇಲೆ ಅದರ ನೀರು ಬೇಗ ಬತ್ತುತ್ತದೆ ಎಂದು ಅಜ್ಜಿ ಹೇಳುತ್ತಾರೆ.

ಪೆರ್ಲದ ಇಂಜಿನಿಯರ್ · ಬುಧವಾರ ರಾತ್ರಿ 8.15

ಅಜ್ಜಿಯ ಮಾತು ಬರೆದಿಡಿ. ಅಂಥದ್ದೇ ನಮಗೆ ಬೇಕು.

ಮಾತು ಸಾಕು, ಕೆಲಸ ಹೇಳುತ್ತೇನೆ. ಯಾವ ಪಟ್ಟಿಗೆ ಹೋಗುವುದಾದರೂ ಮೊದಲು ಎಲ್ಲಿ ಎಷ್ಟು ಉಂಟು ಎಂದು ಬೇಕು. ನಮ್ಮ ಸುತ್ತಿನ ನಾಲ್ಕು ಪಂಚಾಯಿತಿಯಿಂದ ಶುರು ಮಾಡುವ. ಪ್ರತಿ ಸುರಂಗಕ್ಕೆ ಒಂದು ಪುಟ. ಎಷ್ಟು ಕೋಲು, ಯಾವ ದಿಕ್ಕಿಗೆ, ಯಾರು ತೋಡಿದ್ದು, ಯಾವ ತಿಂಗಳವರೆಗೆ ನೀರು, ಮೇಲಿನ ಗುಡ್ಡದಲ್ಲಿ ಈಗ ಎಂತ ಉಂಟು (ಕಾಡಾ, ರಬ್ಬರಾ, ಕೊರೆದ ಕಲ್ಲಿನ ಕೋರೆಯಾ). ನೀರು ಅಳೆಯಲು ಮೀಟರ್ ಬೇಡ. ಹತ್ತು ಲೀಟರಿನ ಬಕೆಟ್ ಇಡಿ, ತುಂಬಲು ಎಷ್ಟು ಹೊತ್ತು ಎಂದು ನೋಡಿ.

ತೋಡಿದವರ ಹೆಸರು ಕೇಳದೆ ಬರಬೇಡಿ. ಮನೆಯ ಯಜಮಾನರ ಹೆಸರು ಎಲ್ಲರಿಗೂ ನೆನಪಿರುತ್ತದೆ.

ಬಾಯಾರು ತೋಟದವ · ಆದಿತ್ಯವಾರ ರಾತ್ರಿ 8.30

ಇವತ್ತು ನಮ್ಮ ಸುರಂಗ ಅಳೆದೆವು. ಇಂಜಿನಿಯರ್ ಬಂದಿದ್ದರು, ನೀರ್ಚಾಲಿನಿಂದ ಆ ಹುಡುಗಿ ಬಂದಿದ್ದಳು, ಬೇಕಲದ ಹುಡುಗ ಬೈಕಿನಲ್ಲಿ ಅಷ್ಟು ದೂರದಿಂದ ಬಂದ. ಮೊದಲು ಕ್ಯಾಂಡಲ್ ಹಿಡಿದು ನಾನು ಹೋದೆ. ಬಾವಲಿಗಳು ತಲೆ ಮೇಲಿಂದ ಹಾರಿದವು. ಹದಿನೈದು ಕೋಲಿನ ನಂತರ ಹೊರಗಿನ ಶಬ್ದ ಒಂದೂ ಕೇಳುವುದಿಲ್ಲ. ನೀರಿನ ತೊಟ್ಟು ಮಾತ್ರ. ಗೋಡೆಯಲ್ಲಿ ದೀಪ ಇಡುವ ಸಣ್ಣ ಗೂಡು, ಅದರ ಮೇಲೆ ಮಸಿ ಹಾಗೆಯೇ ಉಂಟು. ನಾನು ಹುಟ್ಟುವ ಮೊದಲಿನ ಮಸಿ. ಕೈ ಇಟ್ಟೆ, ಬೆರಳು ಕಪ್ಪಾಯಿತು.

ಅಪ್ಪ ಹೇಳಿದ 40 ಕೋಲು ಅಲ್ಲ, 43 ಉಂಟು. ಬಕೆಟ್ ತುಂಬಲು 4 ನಿಮಿಷ 20 ಸೆಕೆಂಡ್. ದಿನಕ್ಕೆ 3,300 ಲೀಟರ್ ಆಗುತ್ತದೆ ಎಂದು ಇಂಜಿನಿಯರ್ ಲೆಕ್ಕ ಮಾಡಿದರು. ಮಾರ್ಚ್ ಕೊನೆಯಲ್ಲಿ ಇಷ್ಟು.

ಅಜ್ಜನ ಕಾಲದಲ್ಲಿ ಇಲ್ಲಿ ಮಣ್ಣು ಹೊತ್ತ ಒಬ್ಬರು ಈಗಲೂ ಇದ್ದಾರೆ. 80 ದಾಟಿದೆ. ಮಗಳೇ ಹೋಗಿ ಕರೆದುಕೊಂಡು ಬಂದಳು. ಒಳಗೆ ಹೋಗಲು ಅವರಿಗೆ ಆಗಲಿಲ್ಲ. ಬಾಯಿಯಲ್ಲಿ ಕುಳಿತು, ನಾವು ತಂದ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, ಎಡಗಡೆ ಕೊನೆಯಲ್ಲಿ ಕೆಸರು ನಿಂತಿದೆ, ಅದನ್ನು ತೆಗೆದರೆ ನೀರು ಇನ್ನೂ ಬರುತ್ತದೆ ಎಂದರು. ಒಳಗೆ ನೋಡಿದರೆ ಹಾಗೆಯೇ ಇತ್ತು. ತೋಡಿದ ಇಬ್ಬರ ಹೆಸರೂ ಅವರಿಗೆ ನೆನಪಿತ್ತು. ಮಗಳು ಚಾರ್ಟ್‌ನಲ್ಲಿ ಕನಾತ್‌ನ ಪಕ್ಕ ನಮ್ಮ ಸುರಂಗದ ಚಿತ್ರ ಬಿಡಿಸಿ, ಕೆಳಗೆ ಆ ಎರಡು ಹೆಸರು ಬರೆದಿದ್ದಾಳೆ.

ಮುಂದಿನ ಆದಿತ್ಯವಾರ ಎಣ್ಮಕಜೆ ಅಕ್ಕನ ಮನೆಯದ್ದು, ಕುಸಿದ ಬಾಯಿ ನೋಡುವುದು. ಬೆಳಿಗ್ಗೆ ಎಂಟಕ್ಕೆ ಬನ್ನಿ. ಒಬ್ಬೊಬ್ಬರೇ ಒಳಗೆ ಹೋಗುವುದು ಬೇಡ. ಟಾರ್ಚ್, ಕ್ಯಾಂಡಲ್ ಎರಡೂ ತನ್ನಿ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಜಾರುತ್ತದೆ.